ಪ್ರವೇಶ ಪರೀಕ್ಷೆಗಳೂ ತಾತ್ಪರ್ಯಗ್ರಹಣವೂ

ಮನೆಯಲ್ಲಿ ಓದುವ ಮಕ್ಕಳಿರುವ ಗೃಹಸ್ಥರಿಗೆ ಪ್ರವೇಶ ಪರೀಕ್ಷೆಯೆಂಬುದು ಈಗ ಹೊಸ ಮಾತಲ್ಲ. ನ್ಯಾಯಶಾಸ್ತ್ರವನ್ನು ಓದಬೇಕೆಂದರೆ ಒಂದು ಪರೀಕ್ಷೆ, ವ್ಯವಹಾರ ನಿರ್ವಹಣೆಯ ವಿದ್ಯೆಗೆ ಇನ್ನೊಂದು, ಕೇಂದ್ರ ಸರ್ಕಾರದ ದೊಡ್ಡ ಅಧಿಕಾರಗಳಿಗೆ ಮತ್ತೊಂದು. ಇವುಗಳಿಗೆ ಸಿದ್ಧರಾಗುವ ಮಕ್ಕಳು ಗಣಿತಕ್ಕೆ ಹೆದರುವರು. ಸಾಮಾನ್ಯ ಜ್ಞಾನಕ್ಕೆ ಹೆದರುವರು. ಅದಕ್ಕಾಗಿ ರಾತ್ರಿಯೆಲ್ಲ ಎಚ್ಚರವಿದ್ದು ಓದುವರು. ಆದರೆ ಪ್ರಶ್ನಪತ್ರಿಕೆಯಲ್ಲಿ ಅಚ್ಚಾಗಿರುವ ಒಂದು ಗದ್ಯಖಂಡವನ್ನು ಓದಿ, 'ಇದರ ಮುಖ್ಯ ಅಭಿಪ್ರಾಯವೇನು?' ಎಂಬ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಮಾತ್ರ ಅವರು ಅಷ್ಟಾಗಿ ಹೆದರುವುದಿಲ್ಲ. ಉತ್ತರವು ಕಣ್ಣೆದುರಿಗೇ ಇದೆಯಲ್ಲ, ಓದಲು ಬಂದರೆ ಸಾಕಲ್ಲ, ಎಂಬುದು ಅವರ ಎಣಿಕೆ. ಫಲಿತಾಂಶ ಬಂದ ಮೇಲೆ ಲೆಕ್ಕ ಹಾಕಿದರೆ ಅಂಕಗಳು ಅಲ್ಲಿಯೇ ಸೋರಿಹೋಗಿರುವುದುಂಟು. ಈ ವಿಷಯವಾಗಿ ನಾಲ್ಕು ಮಾತುಗಳನ್ನು ತಾಯಿತಂದೆಗಳ ಮುಂದಿಡಬೇಕೆಂದು ನಮ್ಮ ಉದ್ದೇಶ.

ಮೊದಲು ಈ ಪರೀಕ್ಷೆಗಳ ಸ್ವರೂಪವನ್ನು ನೋಡೋಣ. ರಾಷ್ಟ್ರೀಯ ನ್ಯಾಯ ವಿಶ್ವವಿದ್ಯಾಲಯಗಳನ್ನು ಸೇರಲಿಚ್ಛಿಸುವವರಿಗಾಗಿ 'ಕ್ಲ್ಯಾಟ್' ಎಂಬ ಸಾಮಾನ್ಯ ಪರೀಕ್ಷೆಯು 2008ರಲ್ಲಿ ಆರಂಭವಾಯಿತು. ಅದನ್ನು ಮೊದಲ ವರ್ಷ ನಡೆಸಿಕೊಟ್ಟದ್ದು ನಮ್ಮ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು. ಬಹುಕಾಲ ಅದರಲ್ಲಿ 200 ಪ್ರಶ್ನೆಗಳಿರುತ್ತಿದ್ದವು. 2020ರಲ್ಲಿ ಪರೀಕ್ಷೆಯ ರೂಪವೇ ಬದಲಾಯಿತು. ಬಿಡಿಪ್ರಶ್ನೆಗಳು ಹೋಗಿ, ಒಂದೊಂದು ಗದ್ಯಖಂಡದ ಕೆಳಗೆ ಒಂದೊಂದು ಗುಂಪು ಪ್ರಶ್ನೆಗಳು ಬಂದವು. ಪ್ರಶ್ನೆಗಳ ಸಂಖ್ಯೆ ಆಗ 150ಕ್ಕೆ ಇಳಿದು, 2024ನೆಯ ಸಾಲಿನ ಪ್ರವೇಶದಿಂದ 120 ಆಗಿದೆ. ಇರುವ ಕಾಲ ಎರಡು ಗಂಟೆ. ಇಂಗ್ಲಿಷ್ ವಿಭಾಗದ ಒಂದೊಂದು ಖಂಡದಲ್ಲಿ ಸುಮಾರು 450 ಪದಗಳಿರುವುವು. ಸರಿಯುತ್ತರಕ್ಕೆ ಒಂದು ಅಂಕ. ತಪ್ಪಿದರೆ ಕಾಲು ಅಂಕ ಕಡಿತ. ಆ ವಿಭಾಗದಲ್ಲಿ ಯಾವ ಯಾವ ಶಕ್ತಿಗಳನ್ನು ಪರೀಕ್ಷಿಸುವರೆಂಬುದಕ್ಕೆ ಅಧಿಕೃತವಾದ ಒಂದು ಪಟ್ಟಿಯುಂಟು. ಅದರಲ್ಲಿ ಮೊಟ್ಟಮೊದಲನೆಯದು ಖಂಡದ ಮುಖ್ಯ ಅಂಶವನ್ನು ಗ್ರಹಿಸುವ ಶಕ್ತಿಯೇ. ನ್ಯಾಯವಿಚಾರ, ತರ್ಕ, ಪ್ರಚಲಿತ ಸಂಗತಿಗಳು, ಇವೆಲ್ಲವೂ ಈಗ ಗದ್ಯಖಂಡಗಳ ಮೂಲಕವೇ ಬರುವುದರಿಂದ, ಓದಿದುದರ ತಾತ್ಪರ್ಯವನ್ನು ಹಿಡಿಯಲಾರದವನಿಗೆ ಇಡೀ ಪರೀಕ್ಷೆಯೇ ಕೈತಪ್ಪುವುದು.

ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯ ಎರಡನೆಯ ಪತ್ರಿಕೆಯಾದ 'ಸಿಸ್ಯಾಟ್' 2011ರಲ್ಲಿ ಬಂದಿತು. ಅಲ್ಲಿ 80 ಪ್ರಶ್ನೆಗಳು, 200 ಅಂಕಗಳು, ಎರಡು ಗಂಟೆಯ ಕಾಲ. ಚಿಕ್ಕ ಚಿಕ್ಕ ಖಂಡಗಳನ್ನು ಕೊಟ್ಟು, 'ಈ ಖಂಡದ ತಿರುಳನ್ನು ಯಾವ ವಾಕ್ಯವು ಚೆನ್ನಾಗಿ ತಿಳಿಸುವುದು?' ಎಂದು ಕೇಳುವ ಪದ್ಧತಿ. ಖಂಡಗಳು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಅಚ್ಚಾಗುವುವು. ಹಿಂದಿಯ ಅನುವಾದವು ಅರ್ಥವಾಗುವಂತಿಲ್ಲವೆಂದೂ, ಈ ಪತ್ರಿಕೆಯಿಂದ ಇಂಗ್ಲಿಷ್ ಬಲ್ಲವರಿಗೇ ಹೆಚ್ಚಿನ ಅನುಕೂಲವೆಂದೂ 2014ರಲ್ಲಿ ದೆಹಲಿಯಲ್ಲಿ ಅಭ್ಯರ್ಥಿಗಳು ದೊಡ್ಡ ಚಳವಳಿಯನ್ನೇ ಹೂಡಿದರು. ಆ ವರ್ಷ ಇಂಗ್ಲಿಷ್ ಗ್ರಹಣದ ಪ್ರಶ್ನೆಗಳ ಅಂಕಗಳನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. 2015ರಿಂದ ಪತ್ರಿಕೆಯು ಕೇವಲ ಅರ್ಹತೆಯದಾಯಿತು, ಎಂದರೆ ನೂರಕ್ಕೆ 33 ಅಂಕ ಬಂದರೆ ಸಾಕು. ಕೇಳುವುದಕ್ಕೆ ಇದು ಸುಲಭ. ಒಂದೊಂದು ಪ್ರಶ್ನೆಗೆ ಎರಡೂವರೆ ಅಂಕದಂತೆ ತಪ್ಪಿಲ್ಲದೆ 27 ಪ್ರಶ್ನೆಗಳನ್ನು ಬಿಡಿಸಿದರೆ ಆಗಿಹೋಯಿತು. ಆದರೆ ತಪ್ಪಿದ ಮೂರು ಉತ್ತರಗಳು ಸರಿಯಾದ ಒಂದನ್ನು ತಿಂದುಹಾಕುವುವು; ಈ ಮೆಟ್ಟಿಲನ್ನು ಏರದವನ ಮೊದಲನೆಯ ಪತ್ರಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ವರ್ಷಗಟ್ಟಲೆ ಓದಿದವನು ನಾಲ್ಕಾರು ಗದ್ಯಖಂಡಗಳಲ್ಲಿ ಮುಗ್ಗರಿಸಿ ಹೊರಗುಳಿಯುವ ಸಂಭವ ಇಲ್ಲಿದೆ. ಕನ್ನಡದ ಮಕ್ಕಳಿಗೆ ಇನ್ನೂ ಒಂದು ತೊಡಕು: ಎದುರಿಗಿರುವ ಎರಡು ಭಾಷೆಗಳಲ್ಲಿ ಯಾವುದೂ ಅವರ ತಾಯ್ನುಡಿಯಲ್ಲ.

ಹೀಗಿರಲು, ಮುಖ್ಯ ಅಭಿಪ್ರಾಯವೆಂದರೇನು? ಇಲ್ಲಿಯೇ ಮೊದಲನೆಯ ಎಡವು. 'ಈ ಖಂಡ ಏನು ಹೇಳುತ್ತದೆ?' ಎಂದು ಮಕ್ಕಳನ್ನು ಕೇಳಿದರೆ 'ಕೆರೆಗಳ ವಿಷಯ', 'ಹೆಂಗಸರ ವಿದ್ಯಾಭ್ಯಾಸದ ವಿಷಯ' ಎಂದು ಉತ್ತರ ಬರುವುದು. ಅದು ವಿಷಯವಾಯಿತೇ ಹೊರತು ಅಭಿಪ್ರಾಯವಾಗಲಿಲ್ಲ. ಯಾವುದನ್ನು ಕುರಿತು ಹೇಳಿದೆಯೋ ಅದು ವಿಷಯ. ಅದನ್ನು ಕುರಿತು ಏನನ್ನು ಸ್ಥಾಪಿಸಿದೆಯೋ ಅದು ಅಭಿಪ್ರಾಯ. ವಿಷಯವನ್ನು ಒಂದು ನಾಮಪದದಲ್ಲಿ ಹೇಳಿ ಮುಗಿಸಬಹುದು. ಅಭಿಪ್ರಾಯಕ್ಕೆ ಕ್ರಿಯಾಪದ ಬೇಕು. 'ಕೆರೆಗಳು' ಎಂಬುದು ವಿಷಯ. 'ಕೆರೆಗಳು ಇಂಥ ಕಾರಣದಿಂದ ಹಾಳಾದುವು' ಎಂಬುದು ಅಭಿಪ್ರಾಯ. ಮಗುವಿನ ಉತ್ತರವು ಕ್ರಿಯಾಪದದಲ್ಲಿ ಮುಗಿಯುವ ವರೆಗೆ ಅದನ್ನು ಒಪ್ಪಿಕೊಳ್ಳಬಾರದು. ಈ ಒಂದು ನಿಯಮವನ್ನು ಮನೆಯಲ್ಲಿ ಹಿಡಿದರೆ ಅರ್ಧ ಕೆಲಸವಾದಂತೆಯೇ ಸರಿ.

ಮಾತಿನಿಂದ ಹೇಳುವುದಕ್ಕಿಂತ ಒಂದು ಉದಾಹರಣೆಯಿಂದ ಹೇಳಿದರೆ ವಾಚಕರಿಗೆ ಚೆನ್ನಾಗಿ ಮನಸ್ಸಿಗೆ ಹತ್ತುವುದು. ಪರೀಕ್ಷೆಗಳಲ್ಲಿ ಬರುವ ಮಾದರಿಯಲ್ಲಿಯೇ, ಆದರೆ ಚಿಕ್ಕದಾಗಿ, ನಾವೇ ಒಂದು ಖಂಡವನ್ನು ರಚಿಸಿ ಕೆಳಗೆ ಕೊಟ್ಟಿರುವೆವು.

"ನಮ್ಮ ಕೆರೆಗಳು ಹೂಳಿನಿಂದ ಹಾಳಾದುವೆಂದು ಎಲ್ಲರೂ ಹೇಳುವರು. ಹೂಳು ತುಂಬುವುದು ನಿಜ. ಆದರೆ ಅದು ಇಂದಿನ ಸಂಗತಿಯಲ್ಲ. ಕೆರೆ ಹುಟ್ಟಿದ ದಿನವೇ ಹೂಳೂ ಹುಟ್ಟಿತು. ಹಿಂದೆ ಬೇಸಗೆಯಲ್ಲಿ ನೀರು ಬತ್ತಿದೊಡನೆ ರೈತರು ಬಂಡಿ ಹೂಡಿಕೊಂಡು ಬಂದು ಆ ಗೋಡುಮಣ್ಣನ್ನು ಹೊಲಗಳಿಗೆ ಸಾಗಿಸುತ್ತಿದ್ದರು. ಅದರಿಂದ ಹೊಲಕ್ಕೆ ಸಾರ, ಕೆರೆಗೆ ಆಳ. ತೂಬಿನ ಮೇಲೆ ಕಣ್ಣಿಡಲು ನೀರುಗಂಟಿಯಿದ್ದನು. ಏರಿ ಬಿರಿದರೆ ಊರೇ ಓಡಿಬರುತ್ತಿತ್ತು, ಏಕೆಂದರೆ ಊರಿನ ಅನ್ನವು ಆ ಏರಿಯ ಹಿಂದೆ ನಿಂತಿತ್ತು. ಕೊಳವೆ ಬಾವಿಗಳು ಬಂದ ಮೇಲೆ ಒಬ್ಬೊಬ್ಬನ ನೀರು ಒಬ್ಬೊಬ್ಬನ ಹೊಲದಲ್ಲಿಯೇ ದೊರೆಯಿತು. ಕೆರೆಯನ್ನು ನೆಚ್ಚಿದವರು ಕಡಿಮೆಯಾದಂತೆ ಅದನ್ನು ನೋಡುವವರೂ ಕಡಿಮೆಯಾದರು. ಈಗ ಯಂತ್ರಗಳನ್ನು ತಂದು ಹೂಳೆತ್ತಿಸಿದರೆ ಎರಡು ಮಳೆಗಾಲ ಕೆರೆ ತುಂಬೀತು. ತನ್ನದೆಂದು ಕಾಯುವ ಊರಿಲ್ಲದಿದ್ದರೆ ಮತ್ತೆ ಮೊದಲಿನಂತೆಯೇ ಆಗುವುದು."

ಇದರ ಮುಖ್ಯ ಅಭಿಪ್ರಾಯವನ್ನು ತಿಳಿಸುವ ವಾಕ್ಯ ಯಾವುದೆಂದು ಕೇಳಿ, ನಾಲ್ಕು ಉತ್ತರಗಳನ್ನು ಕೊಟ್ಟಿದೆಯೆಂದು ಭಾವಿಸೋಣ. ಮೊದಲನೆಯದು: ಮಳೆನೀರು ತರುವ ಹೂಳೇ ಕೆರೆಗಳ ನಾಶಕ್ಕೆ ಮುಖ್ಯ ಕಾರಣ. ಎರಡನೆಯದು: ಕೆರೆಯ ಗೋಡುಮಣ್ಣು ಹೊಲಕ್ಕೆ ಸಾರವನ್ನು ಕೊಡುವುದು. ಮೂರನೆಯದು: ಕೊಳವೆ ಬಾವಿಗಳನ್ನು ನಿಷೇಧಿಸದೆ ಕೆರೆಗಳು ಉಳಿಯಲಾರವು. ನಾಲ್ಕನೆಯದು: ಕೆರೆಯನ್ನು ನೆಚ್ಚಿ ಬಾಳುವವರ ಆರೈಕೆ ತಪ್ಪಿದುದರಿಂದ ಕೆರೆಗಳು ಕೆಟ್ಟವು.

ಪುಸ್ತಕವನ್ನು ಮುಚ್ಚಿ ಯೋಚಿಸಿದರೆ ನಾಲ್ಕನೆಯದೇ ಸರಿಯೆಂದು ಯಾರಿಗಾದರೂ ತೋರುವುದು. ಆದರೆ ಪರೀಕ್ಷೆಯ ಕೊಠಡಿಯಲ್ಲಿ, ಗಡಿಯಾರವು ಓಡುತ್ತಿರುವಾಗ, ಉಳಿದ ಮೂರೂ ತಮ್ಮ ತಮ್ಮ ರೀತಿಯಲ್ಲಿ ಕೈಹಿಡಿದು ಎಳೆಯುವುವು. ಪ್ರಶ್ನೆ ರಚಿಸುವವನ ಜಾಣತನವೆಲ್ಲ ಇರುವುದು ಸರಿಯುತ್ತರದಲ್ಲಲ್ಲ, ತಪ್ಪುತ್ತರಗಳಲ್ಲಿ. ಎರಡನೆಯದನ್ನು ನೋಡಿ, ಅದು ಸುಳ್ಳಲ್ಲ, ಖಂಡದಲ್ಲಿ ಸ್ಪಷ್ಟವಾಗಿಯೇ ಇದೆ. ಹುಡುಗನು ಹಿಂದಿರುಗಿ ಹುಡುಕಿದರೆ ಆ ಮಾತು ಸಿಕ್ಕೇ ಸಿಗುವುದು; ಸಿಕ್ಕಿತೆಂಬ ಸಂತೋಷದಲ್ಲಿ ಅದಕ್ಕೇ ಗುರುತು ಹಾಕುವನು. ಕೇಳಿದ್ದು 'ಖಂಡದಲ್ಲಿ ಏನೇನಿದೆ?' ಎಂದಲ್ಲ, 'ಖಂಡವು ಯಾವುದಕ್ಕಾಗಿ ಇದೆ?' ಎಂದು. ಮೂರನೆಯದು ಇನ್ನೂ ಮೋಸದ್ದು. ಖಂಡದ ಒಲವು ಅತ್ತಲೇ ಇರುವಂತೆ ಕಾಣುವುದು. ಓದುಗನ ಸ್ವಂತ ಅಭಿಪ್ರಾಯವೂ ಹಾಗೆಯೇ ಇರಬಹುದು. ಆದರೆ ನಿಷೇಧವೆಂಬ ಮಾತನ್ನು ಬರೆದವನು ಎಲ್ಲಿಯೂ ಆಡಿಲ್ಲ. ಅವನು ಕಾರಣವನ್ನು ಹೇಳಿದನೇ ಹೊರತು ಕಾನೂನನ್ನು ಕೇಳಲಿಲ್ಲ. ಬುದ್ಧಿವಂತರಾದ ಮಕ್ಕಳು ಹೆಚ್ಚಾಗಿ ಬೀಳುವುದು ಈ ಬಲೆಯಲ್ಲಿಯೇ ಎಂದು ನಮಗೆ ತೋರುವುದು. ದಡ್ಡನು ಖಂಡದಲ್ಲಿರುವುದನ್ನು ಬಿಟ್ಟರೆ, ಜಾಣನು ಇಲ್ಲದುದನ್ನು ಸೇರಿಸುವನು. ಇನ್ನು 'ನೀರು ಸಕಲ ಜೀವಕ್ಕೂ ಆಧಾರ' ಎಂಬಂಥ ವಿಶಾಲವಾದ ಒಂದು ವಾಕ್ಯವನ್ನೂ ಕೆಲವೊಮ್ಮೆ ಇಡುವುದುಂಟು. ಅದು ಯಾವ ಖಂಡಕ್ಕಾದರೂ ಹೊಂದುವ ದೊಗಳೆ ಅಂಗಿ, ಹೆಚ್ಚು ಹೇಳಬೇಕಾದುದಿಲ್ಲ.

ಮೊದಲನೆಯ ಉತ್ತರದ ಮೋಸವು ಬೇರೆ ಬಗೆಯದು. ನಮ್ಮ ಶಾಸ್ತ್ರಗ್ರಂಥಗಳನ್ನು ಓದಿದವರಿಗೆ ಅದನ್ನು ಒಂದೇ ಶಬ್ದದಲ್ಲಿ ಹೇಳಬಹುದು: ಅದು ಪೂರ್ವಪಕ್ಷ. ಎದುರಾಳಿಯ ಮಾತನ್ನು ಮೊದಲು ಎತ್ತಿ ಹೇಳಿ, ಅನಂತರ ಅದನ್ನು ಖಂಡಿಸಿ, ಕಡೆಗೆ ತನ್ನ ಸಿದ್ಧಾಂತವನ್ನು ನಿಲ್ಲಿಸುವುದು ಭಾಷ್ಯಕಾರರೆಲ್ಲರ ಕ್ರಮ. ಈಗಿನ ಇಂಗ್ಲಿಷ್ ಲೇಖಕರೂ ಹೆಸರು ಹೇಳದೆ ಇದೇ ಕ್ರಮವನ್ನು ಅನುಸರಿಸುವರು. 'ಎಲ್ಲರೂ ಹೇಳುವರು', 'ಸಾಮಾನ್ಯವಾಗಿ ನಂಬಲಾಗಿದೆ', 'ಹಿಂದಿನ ವಿದ್ವಾಂಸರ ಮತವೇನೆಂದರೆ' ಎಂದು ಖಂಡವು ಆರಂಭವಾಯಿತೆಂದರೆ, ಅದು ಪೂರ್ವಪಕ್ಷವಿರಬಹುದೆಂದು ಎಚ್ಚರಗೊಳ್ಳಬೇಕು. ಮುಂದೆ ಎಲ್ಲಿಯೋ ಒಂದು 'ಬಟ್' ಅಥವಾ 'ಹೌಎವರ್' ಕಾದಿರುವುದು. ಆ ಶಬ್ದದ ಆಚೆಗೆ ಸಿದ್ಧಾಂತ.

ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸುವುದು ಹೇಗೆಂಬ ಪ್ರಶ್ನೆಯನ್ನು ನಮ್ಮ ಮೀಮಾಂಸಕರೂ ವೇದಾಂತಿಗಳೂ ಇಂದಿನ ಪರೀಕ್ಷಕರಿಗಿಂತ ಬಹು ಹಿಂದೆಯೇ ಎತ್ತಿಕೊಂಡಿದ್ದರೆಂಬುದು ಇಲ್ಲಿ ನೆನಪಾಗುವುದು. ಉಪಕ್ರಮೋಪಸಂಹಾರಗಳು, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂದು ಆರು ಲಿಂಗಗಳನ್ನು ಅವರು ಎಣಿಸಿದರು. ಮೊದಲಲ್ಲಿಯೂ ಕಡೆಯಲ್ಲಿಯೂ ಯಾವುದು ಹೇಳಲ್ಪಟ್ಟಿದೆ? ಯಾವುದು ಮತ್ತೆ ಮತ್ತೆ ಬರುವುದು? ಬೇರೆ ಕಡೆಯಿಂದ ತಿಳಿಯಲಾಗದ ಯಾವ ಹೊಸ ಮಾತು ಇಲ್ಲಿದೆ? ಯಾವುದಕ್ಕೆ ಯುಕ್ತಿಗಳನ್ನು ಕೊಟ್ಟಿದೆ? ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಒಂದೇ ಮಾತನ್ನು ಒಂಬತ್ತು ಸಲ ಹೇಳುವನು. ಅದು ಅಭ್ಯಾಸಕ್ಕೆ ಪ್ರಸಿದ್ಧವಾದ ಉದಾಹರಣೆ. ನಮ್ಮ ಕೆರೆಯ ಖಂಡದಲ್ಲಿಯೂ ಹಾಗೆಯೇ ನೋಡಬಹುದು: ರೈತರ ಬಂಡಿ, ನೀರುಗಂಟಿ, ಓಡಿಬರುವ ಊರು, ಕಾಯುವ ಊರಿಲ್ಲದಿರುವುದು, ಎಲ್ಲವೂ ಆರೈಕೆಯೆಂಬ ಒಂದೇ ಮಾತಿನ ಅಭ್ಯಾಸ. ಶಬ್ದ ಬದಲಾಗಿದೆ, ಅರ್ಥ ಬದಲಾಗಿಲ್ಲ. ಹೊಲಕ್ಕೆ ಸಾರವೆಂಬುದು ಅರ್ಥವಾದದಂತೆ. ಮುಖ್ಯವಾದುದನ್ನು ಮೆಚ್ಚಿಸುವುದಕ್ಕೆ ಬಂದ ಮಾತು, ತಾನೇ ಮುಖ್ಯವಲ್ಲ.

ಮೊದಲೂ ಕಡೆಯೂ ಒಂದಕ್ಕೊಂದು ಹೊಂದದಿದ್ದರೆ ಯಾವುದು ಪ್ರಬಲ? ಈ ಪ್ರಶ್ನೆಯ ಮೇಲೆಯೇ ದೊಡ್ಡ ವಾದ ನಡೆದುಹೋಗಿದೆ. ವಿಜಯನಗರದಲ್ಲಿ ಕೃಷ್ಣದೇವರಾಯನಿಂದ ಮಾನಿತರಾಗಿ, 1539ರಲ್ಲಿ ಕಾಲವಾದ, ನಮ್ಮ ಬನ್ನೂರಿನವರೇ ಆದ ವ್ಯಾಸತೀರ್ಥರು ಉಪಸಂಹಾರವೇ ಪ್ರಬಲವೆಂದು ವಾದಿಸಿದರು. ತಮಿಳುನಾಡಿನ ಅಪ್ಪಯ್ಯ ದೀಕ್ಷಿತರು ಅದನ್ನು ಒಪ್ಪದೆ 'ಉಪಕ್ರಮಪರಾಕ್ರಮ'ವೆಂಬ ಗ್ರಂಥವನ್ನೇ ಬರೆದರು. ಅದಕ್ಕೆ ಪ್ರತಿಯಾಗಿ ವಿಜಯೀಂದ್ರತೀರ್ಥರಿಂದ 'ಉಪಸಂಹಾರವಿಜಯ'ವು ಹುಟ್ಟಿತು. ವೇದವಾಕ್ಯಗಳ ಮಟ್ಟಿಗೆ ಯಾರು ಗೆದ್ದರೆಂಬುದನ್ನು ಪಂಡಿತರು ಹೇಳಲಿ; ಪ್ರವೇಶ ಪರೀಕ್ಷೆಯ ಗದ್ಯಖಂಡಗಳ ಮಟ್ಟಿಗೆ ನಾವು ವ್ಯಾಸತೀರ್ಥರ ಕಡೆ. ಏತಕ್ಕೆಂದರೆ ಇಲ್ಲಿ ಆರಂಭವು ಪೂರ್ವಪಕ್ಷವಾಗಿರುವ ಸಂಭವ ಹೆಚ್ಚು. ಆದರೂ ಕಡೆಯ ವಾಕ್ಯವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪರೀಕ್ಷಕರು ದೊಡ್ಡ ಲೇಖನವೊಂದರ ನಡುವಿನಿಂದ ಕತ್ತರಿಸಿ ತೆಗೆದ ಖಂಡಗಳಿಗೆ ನಿಜವಾದ ಉಪಸಂಹಾರವೇ ಇರುವುದಿಲ್ಲ. ಕತ್ತರಿ ನಿಂತ ಕಡೆ ವಾಕ್ಯವೂ ನಿಂತಿರುವುದು. 'ಮೊದಲನೆಯ ವಾಕ್ಯವನ್ನೂ ಕಡೆಯ ವಾಕ್ಯವನ್ನೂ ಓದಿ ಉತ್ತರ ಬರೆ' ಎಂಬ ಸುಲಭೋಪಾಯವನ್ನು ದುಡ್ಡು ತೆಗೆದುಕೊಂಡು ಕಲಿಸುವ ತರಬೇತಿಗಾರರುಂಟು. ಆ ಉಪಾಯವು ಕೆರೆಯ ಖಂಡದ ಮೊದಲ ವಾಕ್ಯದಲ್ಲಿಯೇ ಹುಡುಗನನ್ನು ಹೂಳಿನಲ್ಲಿ ಹೂತುಬಿಡುವುದು.

ಕನ್ನಡದಲ್ಲಿ ಓದಿ ಬೆಳೆದ ಮಕ್ಕಳಿಗೆ ಇಂಗ್ಲಿಷ್ ಖಂಡಗಳು ಕಷ್ಟವಾಗುವುದು ಕೇವಲ ಶಬ್ದಗಳ ಅರ್ಥ ತಿಳಿಯದುದರಿಂದಲ್ಲ. ವಾಕ್ಯದ ನಡಿಗೆಯೇ ಬೇರೆ. ನಾವು 'ಮಳೆ ಬಾರದಿದ್ದರೆ ಬೆಳೆ ಹಾಳಾಗುವುದು' ಎನ್ನುವೆವು. ನಿಬಂಧನೆ ಮೊದಲು, ತೀರ್ಮಾನ ಕಡೆಗೆ. ಕ್ರಿಯಾಪದ ಬರುವ ವರೆಗೆ ನಮ್ಮ ಕಿವಿ ಕಾಯುವುದು. ಬಂದ ಮೇಲೆ ಮಾತು ಮುಗಿಯಿತೆಂದು ತಿಳಿಯುವುದು. ಇಂಗ್ಲಿಷಿನಲ್ಲಿ ಬೆಳೆ ಹಾಳಾಗುವ ಮಾತು ಮೊದಲು ಬಂದು, ಮಳೆ ಬಾರದಿದ್ದರೆ ಎಂಬ ನಿಬಂಧನೆಯು ಹಿಂದಿನಿಂದ ಬರುವುದುಂಟು. ಕ್ರಿಯಾಪದವನ್ನು ಕಂಡೊಡನೆ ವಾಕ್ಯ ಮುಗಿಯಿತೆಂದು ಭಾವಿಸುವ ಕನ್ನಡದ ಹುಡುಗನು ಹಿಂದೆ ಬರುವ ನಿಬಂಧನೆಯನ್ನು ಲಘುವಾಗಿ ಓದಿ ಮುಂದಕ್ಕೆ ಹೋಗುವನು. ಆಗ 'ಕೆಲವು ಸಂದರ್ಭಗಳಲ್ಲಿ ಹೀಗಾಗಬಹುದು' ಎಂದು ಬರೆದವನ ಬಾಯಿಂದ 'ಹೀಗೆಯೇ ಆಗುವುದು' ಎಂದು ಹೇಳಿಸಿದಂತಾಗುವುದು. ಉತ್ತರಗಳ ಪೈಕಿ ಅತಿಯಾಗಿ ಹೇಳಿರುವುದು ಅವನಿಗೆ ಹಿತವಾಗುವುದು. ಇದಕ್ಕೆ ಮದ್ದು ಒಂದೇ. ಇಂಗ್ಲಿಷ್ ವಾಕ್ಯವೃಂದವನ್ನು ಓದಿದೊಡನೆ ಅದರ ಸಾರವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳಬೇಕು. ಕನ್ನಡಕ್ಕೆ ತರುವಾಗ ಆ ನಿಬಂಧನೆಯನ್ನು ಹುಡುಕಿ ಮುಂದಕ್ಕೆ ಇಡದೆ ವಾಕ್ಯವೇ ಆಗುವುದಿಲ್ಲ. ಇಂಗ್ಲಿಷಿನಲ್ಲಿಯೇ ಯೋಚಿಸಬೇಕೆಂದು ಕೆಲವರು ಉಪದೇಶಿಸುವರು. ಅದು ಬಂದವರಿಗೆ ಸರಿ. ಬಾರದವರಿಗೆ ತಾಯ್ನುಡಿಯು ಅಡ್ಡಿಯಲ್ಲ, ಒರೆಗಲ್ಲು.

ಪ್ರಶ್ನೆಯನ್ನು ಮೊದಲು ಓದಬೇಕೇ, ಖಂಡವನ್ನು ಮೊದಲು ಓದಬೇಕೇ ಎಂಬುದು ವಿದ್ಯಾರ್ಥಿಗಳಲ್ಲಿ ನಡೆಯುವ ಮುಗಿಯದ ಚರ್ಚೆ. ಪ್ರಶ್ನೆಗಳ ಮೇಲೆ ಒಮ್ಮೆ ಕಣ್ಣಾಡಿಸುವುದರಿಂದ ನಷ್ಟವೇನಿಲ್ಲ. ಆದರೆ ಉತ್ತರಗಳನ್ನು ಮೊದಲು ಓದಕೂಡದೆಂದು ನಮ್ಮ ಖಚಿತವಾದ ಅಭಿಪ್ರಾಯ. ನಾಲ್ಕರಲ್ಲಿ ಮೂರು ತಪ್ಪು. ಖಂಡವನ್ನು ನೋಡುವ ಮೊದಲೇ ಮೂರು ತಪ್ಪುಗಳನ್ನು ತಲೆಯಲ್ಲಿ ತುಂಬಿಕೊಂಡು ಹೊರಡುವುದು ಯಾವ ಬುದ್ಧಿವಂತಿಕೆ? ಖಂಡವನ್ನು ಓದಿ, ಮುಖ್ಯಾಭಿಪ್ರಾಯವನ್ನು ತನ್ನ ಮಾತಿನಲ್ಲಿ ಹೇಳಿಕೊಂಡು, ಆಮೇಲೆ ಅದಕ್ಕೆ ಹೋಲುವ ಉತ್ತರವನ್ನು ಹುಡುಕಬೇಕು. ಕಾಲ ಸಾಲದೆಂಬ ಆಕ್ಷೇಪಣೆ ಬರುವುದು. ನಿಮಿಷಕ್ಕೆ 200 ಪದಗಳ ಸಾಧಾರಣ ವೇಗದಿಂದ ಓದಿದರೂ 450 ಪದಗಳ ಖಂಡಕ್ಕೆ ಎರಡೂಕಾಲು ನಿಮಿಷ ಸಾಕು. ಕ್ಲ್ಯಾಟಿನಲ್ಲಿ ಪ್ರಶ್ನೆಗೊಂದು ನಿಮಿಷದ ಲೆಕ್ಕವಾದುದರಿಂದ, ಐದು ಪ್ರಶ್ನೆಗಳ ಗುಂಪಿಗೆ ಐದು ನಿಮಿಷ. ಓದಿದ ಮೇಲೂ ಒಂದೊಂದು ಪ್ರಶ್ನೆಗೆ ಅರ್ಧ ನಿಮಿಷಕ್ಕೆ ಮಿಗಿಲಾಗಿ ಉಳಿಯುವುದು. ಕಾಲವನ್ನು ನುಂಗುವುದು ಮೊದಲನೆಯ ಓದಲ್ಲ. ಅರೆಮನಸ್ಸಿನಿಂದ ಓದಿ ಒಂದೊಂದು ಪ್ರಶ್ನೆಗೂ ಮತ್ತೆ ಮತ್ತೆ ಖಂಡಕ್ಕೆ ಹಿಂದಿರುಗುವ ಓಡಾಟ.

ಇನ್ನು ಮನೆಯಲ್ಲಿ ಮಾಡಬಹುದಾದುದೇನು? ತರಬೇತಿಗೆ ಸಾಲ ಮಾಡಿ ಹಣ ಕಟ್ಟುವ ಮೊದಲು, ಖರ್ಚಿಲ್ಲದ ಒಂದು ಅಭ್ಯಾಸವನ್ನು ಆರು ತಿಂಗಳು ಮಾಡಿ ನೋಡಬಹುದು. ದಿನಪತ್ರಿಕೆಯ ಸಂಪಾದಕೀಯದ ತಲೆಬರಹವನ್ನು ಕೈಯಿಂದ ಮುಚ್ಚಿ ಮಗುವಿಗೆ ಕೊಡಿರಿ. ಓದಿ ಮುಗಿಸಿ ತಾನೇ ಒಂದು ತಲೆಬರಹವನ್ನು ಹೇಳಲಿ, ಅನಂತರ ಒಂದು ಪೂರ್ಣ ವಾಕ್ಯವನ್ನು ಹೇಳಲಿ, ಆಮೇಲೆ ಕೈ ತೆಗೆಯಿರಿ. ಮೊದಲ ಕೆಲವು ವಾರ ಕನ್ನಡದ ಪತ್ರಿಕೆಯೇ ಇರಲಿ. ತಾತ್ಪರ್ಯವನ್ನು ಹಿಡಿಯುವ ಕೈ ಪಳಗಿದ ಮೇಲೆ ಇಂಗ್ಲಿಷಿಗೆ ಹೋಗಬಹುದು. ಎರಡನ್ನೂ ಒಮ್ಮೆಗೇ ಕಲಿಯಹೊರಟರೆ ಭಾಷೆಯ ತಪ್ಪು ಯಾವುದು, ಗ್ರಹಣದ ತಪ್ಪು ಯಾವುದು ಎಂಬುದೇ ತಿಳಿಯುವುದಿಲ್ಲ. ಇದಕ್ಕೆ ತಂದೆಯೇ ಆಗಬೇಕೆಂದಿಲ್ಲ, ಇಂಗ್ಲಿಷ್ ಬಲ್ಲವರೇ ಆಗಬೇಕೆಂದೂ ಇಲ್ಲ. ಅಡಿಗೆ ಮಾಡುತ್ತಿರುವ ತಾಯಿಗೆ ಓದಿದುದರ ಸಾರವನ್ನು ಹೇಳಿ, ಆಕೆಗೆ ಅರ್ಥವಾಯಿತೇ ಎಂದು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾವು ಕಾಣೆವು. 'ಅಂದರೆ ಅವನು ಹೇಳುವುದೇನು?' ಎಂದು ಆಕೆ ಕೇಳಿದಳೆಂದರೆ, ಮಗು ಇನ್ನೂ ವಿಷಯವನ್ನಷ್ಟೇ ಹೇಳಿದೆ, ಅಭಿಪ್ರಾಯವನ್ನು ಹೇಳಿಲ್ಲವೆಂದು ತಿಳಿಯತಕ್ಕದ್ದು.

ಹೇಳಿದ ವಾಕ್ಯವು ಸರಿಯೋ ತಪ್ಪೋ ಎಂದು ನೋಡುವುದಕ್ಕೆ, ಆ ವಾಕ್ಯವನ್ನು ಹಿಡಿದುಕೊಂಡು ಖಂಡದ ಒಂದೊಂದು ಭಾಗವನ್ನೂ 'ನೀನು ಇದಕ್ಕೆ ಏನು ಮಾಡುತ್ತಿರುವೆ?' ಎಂದು ಕೇಳಬೇಕು. ಒಂದು ಭಾಗವು ಕಾರಣ ಕೊಡುವುದು, ಒಂದು ದೃಷ್ಟಾಂತ ಕೊಡುವುದು, ಒಂದು ಎದುರುಮಾತನ್ನು ಹೇಳಿ ತಳ್ಳಿಹಾಕುವುದು. ಉತ್ತರ ಕೊಡದ ದೊಡ್ಡ ಭಾಗವೇನಾದರೂ ಉಳಿದರೆ ನಮ್ಮ ವಾಕ್ಯವು ಸಂಕುಚಿತವಾಗಿದೆ ಎಂದರ್ಥ. ಕೆರೆಯ ಖಂಡಕ್ಕೆ 'ಗೋಡುಮಣ್ಣಿನಿಂದ ಹೊಲಕ್ಕೆ ಸಾರ' ಎಂಬುದನ್ನು ಹಿಡಿದರೆ, ನೀರುಗಂಟಿಯೂ ಕೊಳವೆ ಬಾವಿಯೂ ಕೆಲಸವಿಲ್ಲದೆ ನಿಂತುಬಿಡುವುವು.

ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯ ವರೆಗೆ ಹೋಗುವವರಿಗೆ ಈ ಅಭ್ಯಾಸವು ಇನ್ನೊಂದು ಕಡೆಯೂ ಒದಗುವುದು. ಅಲ್ಲಿ ಭಾರತೀಯ ಭಾಷೆಯೊಂದರಲ್ಲಿಯೂ ಇಂಗ್ಲಿಷಿನಲ್ಲಿಯೂ 300 ಅಂಕಗಳ ಒಂದೊಂದು ಪತ್ರಿಕೆಯುಂಟು. ನೂರಕ್ಕೆ 25 ಬಂದರೆ ಸಾಕು, ಶ್ರೇಣಿಗೆ ಆ ಅಂಕಗಳು ಸೇರವು. ಭಾಷೆಗಳಲ್ಲಿ ಕನ್ನಡವನ್ನೂ ಆರಿಸಿಕೊಳ್ಳಬಹುದು. ಅವುಗಳಲ್ಲಿ ಸಂಗ್ರಹಲೇಖನದ ಒಂದು ಪ್ರಶ್ನೆಯಿರುವುದು: ಕೊಟ್ಟ ಖಂಡವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ ಬರೆಯಬೇಕು. ಮೂಲವನ್ನು ಎದುರಿಗಿಟ್ಟುಕೊಂಡು ಅಲ್ಲೊಂದು ಇಲ್ಲೊಂದು ವಾಕ್ಯವನ್ನು ಹೆಕ್ಕುವುದು ಸಂಗ್ರಹವಲ್ಲ, ಹರಕು. ಮನೆಯಲ್ಲಿ ಅಭ್ಯಾಸ ಮಾಡುವಾಗ ಖಂಡವನ್ನು ಎರಡು ಸಲ ಓದಿ, ಹಾಳೆಯನ್ನು ಬೋರಲು ಹಾಕಿ, ನೆನಪಿನಿಂದ ಬರೆಯಲಿ. ಆಮೇಲೆ ಮೂಲದೊಡನೆ ಹೋಲಿಸಿ, ಅದರಲ್ಲಿಲ್ಲದ ಮಾತು ಏನಾದರೂ ತನ್ನ ಬರಹದಲ್ಲಿ ನುಸುಳಿದ್ದರೆ ಅದರ ಕೆಳಗೆ ಕೆಂಪು ಮಸಿಯಿಂದ ಗೆರೆಯೆಳೆಯಲಿ. ಮೊದಲ ತಿಂಗಳು ಹಾಳೆಯೆಲ್ಲ ಕೆಂಪಾಗಿ ಕಂಡರೆ ಗಾಬರಿಯಾಗಬೇಕಾದುದಿಲ್ಲ.